ಟೆಸರಾಕ್ಟ್ ಎರಡಾಯಿತು, ಕನ್ನಡ ಕಾಣೆಯಾಯಿತು: ಸೋರ್ಸ್‌ನಿಂದ ಹಾಕಬೇಕೇ, ಆಪ್ಟ್ ಸಾಕೇ?

ಪ್ರಶ್ನೆ: ನಾನು ಬ್ಯಾಂಕ್‌ನಿಂದ ನಿವೃತ್ತನಾಗಿ ಡೊಂಬಿವಲಿಯಲ್ಲಿದ್ದೇನೆ. ನಮ್ಮ ಕನ್ನಡ ಸಂಘದ ಹಳೆಯ ಸ್ಮರಣ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ, ಓಸಿಆರ್ ಮೂಲಕ ಅಕ್ಷರರೂಪಕ್ಕೆ ತರುವ ಕೆಲಸ ಹಚ್ಚಿಕೊಂಡಿದ್ದೇನೆ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಅದರಲ್ಲಿ ಉಬುಂಟು 22.04 ಲಿನಕ್ಸ್. ಉಬುಂಟುವಿನ ಪ್ಯಾಕೇಜ್ ಹಾಕುವ ಸಾಧನ ಆಪ್ಟ್‌ನಿಂದ ಹಾಕಿದ್ದ ಓಸಿಆರ್ ಪ್ರೋಗ್ರಾಂ ಟೆಸರಾಕ್ಟ್ 4.1.1 ಸುಮಾರಾಗಿ ನಡೆಯುತ್ತಿತ್ತು. ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಳಿಯ, "ಮಾವ, ಅದು ತುಂಬಾ ಹಳೇದು. ಸೋರ್ಸ್‌ನಿಂದ, ಅಂದರೆ ಮೂಲ ಕೋಡ್‌ನಿಂದ ನೀವೇ 5 ಕಂಪೈಲ್ ಮಾಡಿ. ಸ್ಪೀಡೂ ಜಾಸ್ತಿ, ಸೇಫೂ ಜಾಸ್ತಿ" ಎಂದರು. ಇಂಟರ್ನೆಟ್‌ನಲ್ಲಿ ಸಿಕ್ಕ ಸೂಚನೆ ನೋಡಿಕೊಂಡು ಮೊದಲು ಅದಕ್ಕೆ ಬೇಕಾದ ಚಿತ್ರ ಲೈಬ್ರರಿ ಲೆಪ್ಟೋನಿಕಾ 1.82, ಆಮೇಲೆ ಟೆಸರಾಕ್ಟ್ 5 ಕಟ್ಟಿ 'ಸುಡೊ ಮೇಕ್ ಇನ್‌ಸ್ಟಾಲ್' (ಸುಡೊ ಎಂದರೆ ಯಜಮಾನನ ಅಧಿಕಾರದಲ್ಲಿ) ಮಾಡಿದೆ. ಈಗ 5ಕ್ಕೆ ಕನ್ನಡವೇ ಸಿಗುತ್ತಿಲ್ಲ. ಕನ್ನಡದ ಫೈಲ್ ಕಾಪಿ ಮಾಡಿಕೊಟ್ಟರೆ ಪಿಎನ್‌ಜಿ ಚಿತ್ರ ಓದುವುದಿಲ್ಲ. ವಿಚಿತ್ರ ಎಂದರೆ, ಮುಟ್ಟದೇ ಇಟ್ಟಿದ್ದ ಹಳೆಯ 4 ಕೂಡ ಈಗ ಪಿಎನ್‌ಜಿ ಓದುತ್ತಿಲ್ಲ. ಆಪ್ಟ್‌ನಲ್ಲಿ ರೀಇನ್‌ಸ್ಟಾಲ್ ಮಾಡಿದೆ, ಪ್ರಯೋಜನ ಇಲ್ಲ. ಇನ್ನೂ ಹಾಳಾಗುತ್ತದೆ ಎಂಬ ಭಯಕ್ಕೆ ಅಪ್‌ಗ್ರೇಡ್ ಮಾಡುವುದನ್ನೇ ನಿಲ್ಲಿಸಿದ್ದೇನೆ. ಫಾರ್ಮ್ಯಾಟ್ ಮಾಡಬೇಕಾ? ಸೋರ್ಸ್‌ನಿಂದ ಹಾಕಿದ್ದೇ ತಪ್ಪಾ?

ಉತ್ತರ: ಫಾರ್ಮ್ಯಾಟ್ ಬೇಡ. ನಿಮ್ಮ ಸಿಸ್ಟಂ ಹಾಳಾಗಿಲ್ಲ. ಒಂದೇ ಒಂದು ಲೈಬ್ರರಿ (ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್) ಇರಬಾರದ ಜಾಗದಲ್ಲಿ ಕೂತಿದೆ, ಅಷ್ಟೇ. ನಿಲ್ಲಿಸಿರುವ ಆಪ್ಟ್ ಅಪ್‌ಗ್ರೇಡ್ ಅನ್ನು ಇವತ್ತೇ ಮಾಡಿ. ಈಗ ಇರುವ ತೊಂದರೆಗಿಂತ ಅಪ್‌ಡೇಟ್ ಇಲ್ಲದೆ ಇಂಟರ್ನೆಟ್‌ನಲ್ಲಿ ಓಡಾಡುತ್ತಿರುವುದೇ ದೊಡ್ಡ ತೊಂದರೆ.

ಅಪ್‌ಗ್ರೇಡ್ ಯಾಕೆ ಭಯವಿಲ್ಲ ಎಂದು ಹೇಳುತ್ತೇನೆ. ನೀವು ಕಂಪೈಲ್ ಮಾಡಿದ್ದೆಲ್ಲ ಹೋಗಿ ಕೂತಿರುವುದು /ಯುಎಸ್‌ಆರ್/ಲೋಕಲ್ ಎಂಬ ಫೋಲ್ಡರ್‌ನಲ್ಲಿ. ಡೆಬಿಯನ್ (ಉಬುಂಟು ಹುಟ್ಟಿದ್ದು ಈ ಲಿನಕ್ಸ್‌ನಿಂದಲೇ), ಉಬುಂಟುಗಳಲ್ಲಿ ಆ ಜಾಗ ಪೂರ್ತಿ ಕಂಪ್ಯೂಟರ್ ಯಜಮಾನರಿಗೆ ಬಿಟ್ಟದ್ದು. ಯಾವ ಪ್ಯಾಕೇಜೂ ಅಲ್ಲಿ ತನ್ನ ಫೈಲ್ ಇಡಬಾರದು ಎಂಬುದು ಡೆಬಿಯನ್‌ನ ಲಿಖಿತ ನಿಯಮ. ಹಾಗಾಗಿ ಆಪ್ಟ್ ನಿಮ್ಮ 5ನ್ನು ಅಳಿಸುವುದಿಲ್ಲ, ಮೇಲೆ ಬರೆಯುವುದೂ ಇಲ್ಲ. ಆದರೆ ಅದೇ ಕಾರಣಕ್ಕೆ ಅಲ್ಲಿ ಏನಿದೆ ಎಂಬುದೂ ಅದಕ್ಕೆ ಗೊತ್ತಿಲ್ಲ. ನಿಮ್ಮ ಕಷ್ಟ ಶುರುವಾಗುವುದು ಇಲ್ಲಿಂದಲೇ.

ನಿಮ್ಮ ಸೊಸೈಟಿಯ ಗೇಟ್‌ನಲ್ಲಿ ವಾಚ್‌ಮನ್ ರಿಜಿಸ್ಟರ್‌ನಲ್ಲಿ ಹೆಸರು ಬರೆಸಿಕೊಂಡು ಒಳಗೆ ಬಿಡುತ್ತಾನಲ್ಲ, ಆಪ್ಟ್ ಕೆಲಸ ಅದೇ ತರಹದ್ದು. ಯಾವ ಪ್ಯಾಕೇಜ್ ಯಾವ ಫೈಲನ್ನು ಎಲ್ಲಿಟ್ಟಿತು ಎಂಬ ಪಟ್ಟಿ /ವಾರ್/ಲಿಬ್/ಡಿಪಿಕೆಜಿ/ಇನ್ಫೋ ಫೋಲ್ಡರ್‌ನಲ್ಲಿ ಸಾಲುಸಾಲಾಗಿ ಇರುತ್ತದೆ. 'ಸುಡೊ ಮೇಕ್ ಇನ್‌ಸ್ಟಾಲ್' ಎಂದರೆ ಹಿಂದಿನ ಕಾಂಪೌಂಡ್ ಹಾರಿ ಒಳಗೆ ಬಂದ ಹಾಗೆ. ಬಂದವರು ಒಳ್ಳೆಯವರೇ ಇರಬಹುದು. ಆದರೆ ರಿಜಿಸ್ಟರ್‌ನಲ್ಲಿ ಹೆಸರಿಲ್ಲ.

ಈಗ ನಿಮ್ಮ ಮೂರು ತೊಂದರೆಗಳನ್ನು ಒಂದೊಂದಾಗಿ ನೋಡೋಣ. (ಕಮಾಂಡ್‌ಗಳನ್ನು ಇಲ್ಲಿ ಓದುವ ಹಾಗೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ.)

ಮೊದಲನೆಯದು, ಕನ್ನಡ ಕಾಣೆಯಾದದ್ದು. ನೀವು ಹಿಂದೆ ಆಪ್ಟ್‌ನಿಂದ ಟೆಸರಾಕ್ಟ್-ಓಸಿಆರ್-ಕನ್ ಎಂಬ ಪ್ಯಾಕೇಜ್ ಹಾಕಿದ್ದೀರಿ. ಅದು ಕನ್ನಡದ 'ಟ್ರೇನ್ಡ್ ಡೇಟಾ' ಫೈಲನ್ನು ಇಟ್ಟಿರುವುದು /ಯುಎಸ್‌ಆರ್/ಶೇರ್/ಟೆಸರಾಕ್ಟ್-ಓಸಿಆರ್/4.00/ಟೆಸ್‌ಡೇಟಾ ಫೋಲ್ಡರ್‌ನಲ್ಲಿ. ನೀವು ಕಟ್ಟಿದ 5 ಹುಡುಕುವುದು /ಯುಎಸ್‌ಆರ್/ಲೋಕಲ್/ಶೇರ್/ಟೆಸ್‌ಡೇಟಾದಲ್ಲಿ. ಅಲ್ಲಿ ಕನ್ನಡವೂ ಇಲ್ಲ, ಇಂಗ್ಲಿಷೂ ಇಲ್ಲ. ಸೋರ್ಸ್ ಜೊತೆ ಭಾಷೆಗಳ ಫೈಲ್ ಬರುವುದೇ ಇಲ್ಲ, ಬೇರೆಯಾಗಿ ತರಬೇಕು. ಇದು ಸಣ್ಣ ವಿಷಯ. ಫೈಲ್ ಕಾಪಿ ಮಾಡಿ ನೀವೇ ದಾಟಿದ್ದೀರಿ.

ಎರಡನೆಯದು, 5 ಪಿಎನ್‌ಜಿ ಓದದಿರುವುದು. ಟೆಸರಾಕ್ಟ್ ತಾನಾಗಿ ಚಿತ್ರ ತೆರೆಯುವುದಿಲ್ಲ. ಆ ಕೆಲಸ ಲೆಪ್ಟೋನಿಕಾದ್ದು. ಲೆಪ್ಟೋನಿಕಾ ಕೂಡ ಪಿಎನ್‌ಜಿ, ಜೆಪೆಗ್, ಟಿಫ್ ಓದಲು ಬೇರೆ ಲೈಬ್ರರಿಗಳನ್ನು ನೆಚ್ಚಿಕೊಂಡಿದೆ. ಅದನ್ನು ಕಂಪೈಲ್ ಮಾಡುವಾಗ ಆ ಲೈಬ್ರರಿಗಳ 'ಡೆವ್' ಪ್ಯಾಕೇಜ್‌ಗಳು (ಕಂಪೈಲ್‌ಗೆ ಬೇಕಾದ ಫೈಲ್‌ಗಳು) ಇರಬೇಕು. ನಿಮ್ಮಲ್ಲಿ ಇರಲಿಲ್ಲ. ಆಗ, ಕಟ್ಟುವ ಮುಂಚೆ ಬೇಕಾದ್ದೆಲ್ಲ ಇದೆಯಾ ಎಂದು ನೋಡುವ 'ಕಾನ್ಫಿಗರ್' ಸ್ಕ್ರಿಪ್ಟ್ ಏನು ಮಾಡಿತು? ನಿಲ್ಲಲಿಲ್ಲ, ಬೊಬ್ಬೆ ಹಾಕಲಿಲ್ಲ. ಓಡಿಹೋಗುವ ನೂರಾರು ಸಾಲುಗಳ ನಡುವೆ 'ಪಿಎನ್‌ಜಿ... ನೋ' ಎಂದು ಒಂದು ಸಾಲು ಬರೆದು ಮುಂದೆ ಹೋಯಿತು. ಆ ಸಾಲುಗಳನ್ನು ಯಾರು ಓದುತ್ತಾರೆ ಹೇಳಿ. ಕೊನೆಗೆ ತಯಾರಾದದ್ದು ಬಿಎಂಪಿಯಂಥ ಒಂದೆರಡು ಸಾದಾ ಬಗೆ ಬಿಟ್ಟರೆ ಬೇರೆ ಚಿತ್ರ ಓದಲು ಬಾರದ ಲೆಪ್ಟೋನಿಕಾ. ನಿಮಗೆ ಬಂದಿರುವ 'ಫಂಕ್ಷನ್ ನಾಟ್ ಪ್ರೆಸೆಂಟ್' ಎಂಬ ಸಂದೇಶದ ಅರ್ಥ ಇದೇ.

ನೋಡಬೇಕೆಂದರೆ 'ಟೆಸರಾಕ್ಟ್ --ವರ್ಷನ್' ಕೊಡಿ. ಮೊದಲ ಸಾಲು ಟೆಸರಾಕ್ಟ್ ಸಂಖ್ಯೆ, ಮುಂದಿನದು ಲೆಪ್ಟೋನಿಕಾ ಸಂಖ್ಯೆ. ಆರೋಗ್ಯವಾಗಿರುವ ಕಂಪ್ಯೂಟರ್‌ನಲ್ಲಿ ಅದರ ಕೆಳಗೆ ಲಿಬ್‌ಜೆಪೆಗ್, ಲಿಬ್‌ಪಿಎನ್‌ಜಿ, ಲಿಬ್‌ಟಿಫ್ ಎಂಬ ಪಟ್ಟಿ ಇರುತ್ತದೆ. ನಿಮ್ಮಲ್ಲಿ ಆ ಪಟ್ಟಿ ಖಾಲಿ ಇರುತ್ತದೆ.

ಮೂರನೆಯದೇ ಸ್ವಾರಸ್ಯದ್ದು. ಮುಟ್ಟದ ಹಳೆಯ 4 ಯಾಕೆ ಕೆಟ್ಟಿತು? ಉಬುಂಟುವಿನಲ್ಲಿ ಒಂದು ಪ್ರೋಗ್ರಾಂ ಶುರುವಾದಾಗ ಅದಕ್ಕೆ ಬೇಕಾದ ಲೈಬ್ರರಿಗಳನ್ನು ಹುಡುಕುವ ಕ್ರಮ ಇದೆ. ಆ ಕ್ರಮದಲ್ಲಿ /ಯುಎಸ್‌ಆರ್/ಲೋಕಲ್/ಲಿಬ್ ಮೊದಲು, ಸಿಸ್ಟಂನ ಫೋಲ್ಡರ್ ಆಮೇಲೆ. ನೀವು ಕಟ್ಟಿದ ಲೆಪ್ಟೋನಿಕಾ 1.82, ಆಪ್ಟ್ ಕೊಟ್ಟ ಲೆಪ್ಟೋನಿಕಾ ಎರಡಕ್ಕೂ ಒಂದೇ ಹೆಸರು: ಲಿಬ್‌ಲೆಪ್ಟ್, ಸಂಖ್ಯೆ 5. ಹಳೆಯ 4 ಬಂದು "ಲಿಬ್‌ಲೆಪ್ಟ್ 5 ಎಲ್ಲಿ?" ಎಂದಾಗ ಲೋಕಲ್‌ನಲ್ಲಿರುವ ಅರೆಬರೆ ಲೆಪ್ಟೋನಿಕಾ ಸಿಕ್ಕಿತು. ಅದನ್ನೇ ಎತ್ತಿಕೊಂಡಿತು. ನೀವು ಆಪ್ಟ್‌ನಲ್ಲಿ ಎಷ್ಟು ಸಲ ರೀಇನ್‌ಸ್ಟಾಲ್ ಮಾಡಿದರೂ ಸಿಸ್ಟಂ ಫೋಲ್ಡರ್‌ನ ಒಳ್ಳೆಯ ಪ್ರತಿ ಇನ್ನೊಮ್ಮೆ ಒಳ್ಳೆಯದಾಗುತ್ತದೆ, ಅಷ್ಟೇ. ಅದನ್ನು ಯಾರೂ ಕರೆಯುತ್ತಲೇ ಇಲ್ಲವಲ್ಲ. 'ಎಲ್‌ಡಿಡಿ /ಯುಎಸ್‌ಆರ್/ಬಿನ್/ಟೆಸರಾಕ್ಟ್' ಎಂದು ಕೊಟ್ಟರೆ ಯಾವ ಲೈಬ್ರರಿ ಎಲ್ಲಿಂದ ಬರುತ್ತಿದೆ ಎಂದು ಕಣ್ಣಾರೆ ಕಾಣುತ್ತದೆ.

ಇನ್ನೊಂದು ಮಾತು. ಬೇಜಾರು ಮಾಡಿಕೊಳ್ಳಬೇಡಿ. ನೀವು ಬೆವರು ಸುರಿಸಿ ಕಟ್ಟಿದ ಲೆಪ್ಟೋನಿಕಾ 1.82, ಉಬುಂಟು 22.04ರ ಆಪ್ಟ್‌ನಲ್ಲೇ ಇತ್ತು. ಅದೇ 1.82. ಟೆಸರಾಕ್ಟ್ 5ಕ್ಕೆ ಅದು ಧಾರಾಳವಾಗಿ ಸಾಕಿತ್ತು. ಆ ಸೂಚನೆ ಬರೆದವರು ಯಾವ ಕಾಲದ, ಯಾವ ಲಿನಕ್ಸ್ ಮುಂದೆ ಇಟ್ಟುಕೊಂಡು ಬರೆದರೋ. ಇಂಟರ್ನೆಟ್‌ನ ಕಂಪೈಲ್ ಸೂಚನೆಗಳ ದೊಡ್ಡ ರೋಗ ಇದು. ಬೇಕಾದ್ದು ಒಂದು, ಕಟ್ಟಿಸುವುದು ನಾಲ್ಕು.

ಇನ್ನು ಅಳಿಯಂದಿರ ಮೂರು ಮಾತಿಗೆ ಬರೋಣ. ಹಳೇದು, ಸ್ಪೀಡು, ಸೇಫು. ಪೂರ್ತಿ ತಪ್ಪು ಎನ್ನಲಾರೆ. ಪೂರ್ತಿ ಸರಿಯೂ ಅಲ್ಲ.

ಹಳೇದು ಎಂಬುದು ನಿಜ. 4.1.1 ಬಂದದ್ದು 2019ರ ಡಿಸೆಂಬರ್‌ನಲ್ಲಿ. 5 ಬಂದದ್ದು 2021ರ ನವೆಂಬರ್ ಕೊನೆಗೆ. ಉಬುಂಟು 22.04 ಹೊರಬಂದದ್ದು 2022ರ ಏಪ್ರಿಲ್‌ನಲ್ಲಾದರೂ ಅದರಲ್ಲಿ 4 ಉಳಿಯಿತು. ಇಂಥ ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವ) ಆವೃತ್ತಿಗಳ ಪದ್ಧತಿಯೇ ಹಾಗೆ. ಬಿಡುಗಡೆಯಾದ ಮೇಲೆ ದೊಡ್ಡ ಸಂಖ್ಯೆ ಬದಲಿಸುವುದಿಲ್ಲ. ತೂತು ಕಂಡರೆ ಹಳೆಯ ಸಂಖ್ಯೆಗೇ ತೇಪೆ ಹಾಕುತ್ತಾರೆ. ಇದು ಗೊತ್ತಿಲ್ಲದೆ ಜನ ಸಂಖ್ಯೆ ನೋಡಿ ಗಾಬರಿಯಾಗುತ್ತಾರೆ. 2014ರಲ್ಲಿ ಇಂಟರ್ನೆಟ್ ಮಾತುಕತೆಯನ್ನು ಗುಟ್ಟಾಗಿಡುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯಲ್ಲಿ ಹಾರ್ಟ್‌ಬ್ಲೀಡ್ ಎಂಬ ದೊಡ್ಡ ದೋಷ ಸಿಕ್ಕಿತ್ತಲ್ಲ. ಮೂಲ ಯೋಜನೆಯವರು 1.0.1ಜಿ ಎಂಬ ಹೊಸ ಆವೃತ್ತಿ ಬಿಟ್ಟರು. ಡೆಬಿಯನ್ 7ರವರು ಹಳೆಯ 1.0.1ಇ ಸಂಖ್ಯೆಯನ್ನೇ ಇಟ್ಟುಕೊಂಡು, ಕೊನೆಗೆ 'ಡೆಬ್7ಯು5' ಎಂಬ ಬಾಲ ಅಂಟಿಸಿ ಅದೇ ರಿಪೇರಿ ಕೊಟ್ಟರು. ಸಂಖ್ಯೆ ಹಳೆಯದು, ತೂತು ಮುಚ್ಚಿದೆ. ಬಾಲ ನೋಡಬೇಕು.

ನಿಮ್ಮ ಕೆಲಸಕ್ಕೆ ಇದಕ್ಕಿಂತ ಮುಖ್ಯವಾದ ವಿಷಯ ಬೇರೆ ಇದೆ. ಟೆಸರಾಕ್ಟ್ 4 ಮತ್ತು 5 ಎರಡೂ ಬಳಸುವುದು ಒಂದೇ ಕನ್ನಡ ಟ್ರೇನ್ಡ್ ಡೇಟಾ ಫೈಲ್. ಅಕ್ಷರ ಗುರುತಿಸುವ ಬುದ್ಧಿ ಇರುವುದು ಆ ಫೈಲ್‌ನಲ್ಲಿ. ಆದ್ದರಿಂದ 5 ಹಾಕಿದ ಕೂಡಲೇ ಒತ್ತಕ್ಷರ ಎಲ್ಲ ಸರಿ ಬರುತ್ತದೆ ಎಂಬ ಆಸೆ ಬೇಡ. ಆಪ್ಟ್ ಕೊಡುವುದು 'ಫಾಸ್ಟ್' ಎಂಬ ಹಗುರ ಮಾದರಿ. ಟೆಸರಾಕ್ಟ್ ಯೋಜನೆಯವರೇ 'ಬೆಸ್ಟ್' ಎಂಬ ಇನ್ನೊಂದು ಮಾದರಿಯನ್ನೂ ಇಟ್ಟಿದ್ದಾರೆ. ನಿಧಾನ, ಗಾತ್ರ ದೊಡ್ಡದು, ಆದರೆ ಹಳೆಯ ಅಚ್ಚಿಗೆ ಪ್ರಯತ್ನಿಸಿ ನೋಡುವಂಥದ್ದು. ಅದು ಬರೀ ಒಂದು ಫೈಲ್. ನಿಮ್ಮ ಹೋಮ್‌ನಲ್ಲಿ ಒಂದು ಫೋಲ್ಡರ್ ಮಾಡಿ ಅದರಲ್ಲಿಡಿ. ಓಡಿಸುವಾಗ '--ಟೆಸ್‌ಡೇಟಾ-ಡಿರ್' ಎಂದು ಆ ಫೋಲ್ಡರ್ ತೋರಿಸಿ. ಹಳೆಯ 4ರಲ್ಲೂ ನಡೆಯುತ್ತದೆ. ಕಂಪೈಲ್ ಬೇಡ, ಸುಡೊ ಬೇಡ.

ಹಾಗಾದರೆ 5ರಲ್ಲಿ ಏನೂ ಇಲ್ಲವಾ? ಇದೆ. ನಿಮ್ಮಂಥವರಿಗೇ ಬೇಕಾದ ಒಂದು ಸೌಲಭ್ಯ ಇದೆ. ಹಳದಿಯಾದ, ಕಲೆ ಬಿದ್ದ ಕಾಗದದಲ್ಲಿ ಅಕ್ಷರ ಯಾವುದು, ಹಿನ್ನೆಲೆ ಯಾವುದು ಎಂದು ಬೇರೆ ಮಾಡಲು 4ರಲ್ಲಿ ಒಂದೇ ವಿಧಾನ ಇತ್ತು. ಇಡೀ ಪುಟಕ್ಕೆ ಒಂದೇ ಅಳತೆಗೋಲು. 5ರಲ್ಲಿ ಇನ್ನೆರಡು ವಿಧಾನ ಸೇರಿಸಿದರು. ಅದರಲ್ಲಿ ಸೌವೋಲಾ ಎಂಬುದು ಪುಟದ ಒಂದೊಂದು ಭಾಗವನ್ನೂ ಬೇರೆಬೇರೆಯಾಗಿ ನೋಡುತ್ತದೆ. ಒಂದು ಮೂಲೆ ಕಂದು, ಇನ್ನೊಂದು ಮೂಲೆ ಬಿಳಿ ಇರುವ ಪುಟದಲ್ಲಿ ಇದು ಕೆಲಸಕ್ಕೆ ಬರುತ್ತದೆ. '-ಸಿ ಥ್ರೆಶೋಲ್ಡಿಂಗ್_ಮೆಥಡ್=2' ಎಂದು ಕೊಟ್ಟರೆ ಅದು ಚಾಲೂ ಆಗುತ್ತದೆ. ಹಾಗಾಗಿ 5 ಬೇಕೆನ್ನುವುದಕ್ಕೆ ನಿಮ್ಮ ಹತ್ತಿರ ಒಳ್ಳೆಯ ಕಾರಣವೇ ಇದೆ. ಅದನ್ನು ತರುವ ದಾರಿ ಯಾವುದು ಎಂಬುದಷ್ಟೇ ಪ್ರಶ್ನೆ.

ಎರಡನೇ ಮಾತು ಸ್ಪೀಡು. ನಾವೇ ಕಂಪೈಲ್ ಮಾಡಿದರೆ ನಮ್ಮ ಪ್ರೊಸೆಸರ್‌ಗೆ ತಕ್ಕಂತೆ ಓಡುತ್ತದೆ ಎಂಬ ನಂಬಿಕೆ ಲಿನಕ್ಸ್ ವಲಯದಲ್ಲಿ ಬಹಳ ಹಳೆಯದು. ಬುಡದಲ್ಲಿ ಸತ್ಯ ಇದೆ. ಪ್ಯಾಕೇಜ್ ಮಾಡುವವರು ಹಳೆಯ 64 ಬಿಟ್ ಪ್ರೊಸೆಸರ್‌ನಲ್ಲೂ ಓಡಬೇಕೆಂದು ಎಲ್ಲರಿಗೂ ಹೊಂದುವ ಹಾಗೆ ಕಟ್ಟುತ್ತಾರೆ. ಆದರೆ ವೇಗ ಬೇಕಾಗುವ ಪ್ರೋಗ್ರಾಂಗಳು ಇದಕ್ಕೆ ಯಾವತ್ತೋ ಉಪಾಯ ಮಾಡಿಕೊಂಡಿವೆ. ಟೆಸರಾಕ್ಟ್ ಶುರುವಾದಾಗಲೇ ನಿಮ್ಮ ಪ್ರೊಸೆಸರ್ ಯಾವುದು ಎಂದು ನೋಡಿಕೊಂಡು ತಕ್ಕ ಕೋಡ್ ಆರಿಸಿಕೊಳ್ಳುತ್ತದೆ. ವರ್ಷನ್ ಕೇಳಿದಾಗ ಕೆಳಗೆ 'ಫೌಂಡ್ ಎವಿಎಕ್ಸ್2' ಎಂದೋ 'ಫೌಂಡ್ ಎಸ್‌ಎಸ್‌ಇ4.1' ಎಂದೋ ಬರುತ್ತದಲ್ಲ, ಅದು ಇದೇ. ಆಪ್ಟ್‌ನ ಪ್ಯಾಕೇಜ್ ಕೂಡ ಇದನ್ನು ಮಾಡುತ್ತದೆ. ವಿಡಿಯೋ ಪರಿವರ್ತಿಸುವ ಎಫ್‌ಎಫ್‌ಎಂಪೆಗ್, ಗಣಿತದ ಲೆಕ್ಕ ಮಾಡುವ ಓಪನ್‌ಬ್ಲಾಸ್ ಇವೂ ಹೀಗೇ. ನಿಮಗೆ 5 ಸ್ವಲ್ಪ ಚುರುಕಾಗಿ ಕಂಡಿದ್ದರೆ, ಒಳಗಿನ ಲೆಕ್ಕಾಚಾರದ ರೀತಿಯನ್ನು 5ರಲ್ಲಿ ಹಗುರ ಮಾಡಿದ್ದು ಕಾರಣ. ನೀವು ಕಟ್ಟಿದ್ದು ಕಾರಣ ಅಲ್ಲ.

ನಿಜವಾಗಿ ಸ್ಪೀಡ್ ಬೇಕಾ? ಒಂದು ಸಂಚಿಕೆಯ ಪುಟಗಳನ್ನು ಒಟ್ಟೊಟ್ಟಿಗೆ ನಾಲ್ಕು ಟೆಸರಾಕ್ಟ್ ಓಡಿಸಿ ಮುಗಿಸಿ. ಆದರೆ ಮೊದಲು 'ಓಎಂಪಿ_ಥ್ರೆಡ್_ಲಿಮಿಟ್=1' ಎಂದು ಎನ್ವಿರಾನ್‌ಮೆಂಟ್‌ನಲ್ಲಿ ಕೊಡಿ. ಇಲ್ಲದಿದ್ದರೆ ಒಂದೊಂದು ಟೆಸರಾಕ್ಟೂ ತಾನೇ ನಾಲ್ಕು ದಾರಿ ತೆರೆದುಕೊಂಡು ಒಂದನ್ನೊಂದು ತಳ್ಳಾಡುತ್ತವೆ. ಈ ಒಂದು ಸಾಲಿನಿಂದ ಸಿಗುವ ಲಾಭ, ಇಡೀ ಸಂಜೆ ಕೂತು ಕಂಪೈಲ್ ಮಾಡಿದರೂ ಸಿಗುವುದಿಲ್ಲ.

ಮೂರನೆಯದು ಸೇಫು. ಸೋರ್ಸ್ ನಮ್ಮ ಕಣ್ಣ ಮುಂದೆ ಇರುತ್ತದೆ, ಹಾಗಾಗಿ ಮೋಸ ಇರಲ್ಲ ಎಂಬ ವಾದ. ಕೇಳಲು ಚೆನ್ನಾಗಿದೆ. ಆದರೆ ನೀವು ಓದಿದಿರಾ? ನಾನೂ ಓದುವುದಿಲ್ಲ. 2024ರ ಮಾರ್ಚ್ ಕೊನೆಯಲ್ಲಿ ಹೊರಬಂದ ಎಕ್ಸ್‌ಝಡ್ ಪ್ರಕರಣ ನೆನಪು ಮಾಡಿಕೊಳ್ಳಿ. ಫೈಲ್ ಕುಗ್ಗಿಸುವ ಆ ಸಾಧನದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ನಂಬಿಕೆ ಗಳಿಸಿ ಒಳಗೆ ಸೇರಿದ್ದ ಒಬ್ಬರು ಹಿಂಬಾಗಿಲು ಇಟ್ಟಿದ್ದರು. ಅದರ ಕೀಲಿಕೈಯಂಥ ಸಾಲುಗಳು ಎಲ್ಲರೂ ನೋಡುವ ಗಿಟ್ ಭಂಡಾರದಲ್ಲಿ ಇರಲೇ ಇಲ್ಲ. ಡೌನ್‌ಲೋಡ್‌ಗೆ ಗಂಟು ಕಟ್ಟಿ ಇಟ್ಟಿದ್ದ ಟಾರ್ ಫೈಲ್‌ನ ಕಾನ್ಫಿಗರ್ ಭಾಗದಲ್ಲಿ ಮಾತ್ರ ಇದ್ದವು. ಅಂದರೆ ನೀವು ಕಣ್ಣು ಮುಚ್ಚಿಕೊಂಡು ಓಡಿಸುವ ಅದೇ ಹಂತದಲ್ಲಿ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್ ಆಂಡ್ರೆಸ್ ಫ್ರಾಯ್ಂಡ್, ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಹೋಗುವ ದಾರಿ) ಲಾಗಿನ್ ಅರ್ಧ ಸೆಕೆಂಡ್ ನಿಧಾನ ಆಗುತ್ತಿದೆಯಲ್ಲ ಎಂದು ಬೆನ್ನು ಹತ್ತಿ ಹೋಗಿ ಹಿಡಿದರು.

ನ್ಯಾಯವಾಗಿ ಹೇಳಬೇಕೆಂದರೆ ಅದು ಪ್ಯಾಕೇಜ್ ಆಗಿಯೂ ಹರಡಲು ಶುರುವಾಗಿತ್ತು. ಡೆಬಿಯನ್‌ನ ಟೆಸ್ಟಿಂಗ್, ಫೆಡೋರಾ ಎಂಬ ಇನ್ನೊಂದು ಲಿನಕ್ಸ್‌ನ ಬೀಟಾ, ಇಂಥ ಪರೀಕ್ಷೆಯ ಆವೃತ್ತಿಗಳಿಗೆ ತಲುಪಿತ್ತು. ಡೆಬಿಯನ್ ಸ್ಟೇಬಲ್‌ಗೆ ತಲುಪಿರಲಿಲ್ಲ. ಯಾಕೆ? ಅದು ನಿಧಾನ, ಅದರಲ್ಲಿ ಎಲ್ಲಾ ಹಳೇದು. ಯಾವುದನ್ನು ಬೈಯುತ್ತೇವೋ ಅದೇ ಆ ಸಲ ಕಾಪಾಡಿತು.

ಇನ್ನೊಂದು ಕಡೆಯಿಂದ ನೋಡಿ. 2023ರ ಸೆಪ್ಟೆಂಬರ್‌ನಲ್ಲಿ ಲಿಬ್‌ವೆಬ್‌ಪಿ ಎಂಬ ಚಿತ್ರ ಲೈಬ್ರರಿಯಲ್ಲಿ ಗಂಭೀರ ದೋಷ ಸಿಕ್ಕಿತು. ಕ್ರೋಮ್ ಕೂಡ ಅವಸರದಲ್ಲಿ ಅಪ್‌ಡೇಟ್ ಬಿಡಬೇಕಾಯಿತು. ಆಪ್ಟ್ ಬಳಸುವವರು ಒಂದು ಅಪ್‌ಗ್ರೇಡ್ ಮಾಡಿದರು, ಸಿಸ್ಟಂನ ಆ ಲೈಬ್ರರಿ ನೆಚ್ಚಿಕೊಂಡ ಪ್ರೋಗ್ರಾಂಗಳೆಲ್ಲ ಒಟ್ಟಿಗೆ ಸರಿಯಾದವು. ತಾವೇ ಕಟ್ಟಿ ಲೋಕಲ್‌ನಲ್ಲಿ ಇಟ್ಟುಕೊಂಡವರಿಗೆ ಯಾರೂ ಬಂದು ಹೇಳುವುದಿಲ್ಲ. ಆ ದಿನ ಸುದ್ದಿ ಓದಿ, ನೆನಪಿಟ್ಟುಕೊಂಡು, ಮತ್ತೆ ಕಟ್ಟಬೇಕು. ಐರೋಲಿ ಕಡೆಯ ಡೇಟಾ ಸೆಂಟರ್‌ಗಳಲ್ಲಿ ಸರ್ವರ್ ನೋಡಿಕೊಳ್ಳುವ ನನ್ನಂಥವರ ಕೈಗೆ ಇಂಥ ಯಂತ್ರಗಳು ಆಗಾಗ ಬರುತ್ತವೆ. ಯಾವುದೋ ಕಂಪನಿಯದು. ಹಿಂದಿನ ಹುಡುಗ ಎಲ್ಲವನ್ನೂ ಸೋರ್ಸ್‌ನಿಂದ ಹಾಕಿ ಕೆಲಸ ಬಿಟ್ಟು ಹೋಗಿರುತ್ತಾನೆ. ಎಲ್ಲಿ ಏನಿದೆ, ಯಾವ ಆಪ್ಷನ್ ಕೊಟ್ಟು ಕಟ್ಟಿದ, ಒಂದು ಚೀಟಿಯೂ ಇರುವುದಿಲ್ಲ. ಮುಟ್ಟಿದರೆ ಬೀಳುತ್ತದೆ ಎಂದು ವರ್ಷಗಟ್ಟಲೆ ಯಾರೂ ಮುಟ್ಟಿರುವುದಿಲ್ಲ. ನೀವು ಅಪ್‌ಗ್ರೇಡ್ ನಿಲ್ಲಿಸಿದ ಹಾಗೇ, ಅಲ್ವಾ?

ಪ್ಯಾಕೇಜ್ ಪಕ್ಷ ವಹಿಸಿದ ಮೇಲೆ ಅದರ ಕೊರತೆಯನ್ನೂ ಹೇಳಬೇಕು. ಉಬುಂಟುವಿನಲ್ಲಿ ಟೆಸರಾಕ್ಟ್ ಇರುವುದು 'ಯೂನಿವರ್ಸ್' ಎಂಬ ವಿಭಾಗದಲ್ಲಿ. ಅದನ್ನು ನೋಡಿಕೊಳ್ಳುವುದು ಸಮುದಾಯ. 'ಮೇನ್' ವಿಭಾಗಕ್ಕೆ ಸಿಗುವ ಭದ್ರತೆ ಅದಕ್ಕೆ ತಾನಾಗಿ ಸಿಗುವುದಿಲ್ಲ. ಉಬುಂಟು ಪ್ರೋ ಎಂಬ ಚಂದಾ ಹಾಕಿಕೊಂಡರೆ ಸಿಗುತ್ತದೆ. ಸ್ವಂತ ಬಳಕೆಗೆ 5 ಕಂಪ್ಯೂಟರ್‌ವರೆಗೆ ಅದು ಪುಕ್ಕಟೆ. ಹಾಕಿಕೊಳ್ಳಿ.

ಈಗ ಸ್ವಚ್ಛ ಮಾಡುವ ಕೆಲಸ. ನೀವು ಕಂಪೈಲ್ ಮಾಡಿದ ಫೋಲ್ಡರ್‌ಗಳು ಇನ್ನೂ ಇದ್ದರೆ ಸುಲಭ. ಮೊದಲು ಟೆಸರಾಕ್ಟ್ ಫೋಲ್ಡರ್‌ಗೆ ಹೋಗಿ 'ಸುಡೊ ಮೇಕ್ ಅನ್‌ಇನ್‌ಸ್ಟಾಲ್' ಕೊಡಿ. ಆಮೇಲೆ ಲೆಪ್ಟೋನಿಕಾ ಫೋಲ್ಡರ್‌ನಲ್ಲೂ ಹಾಗೇ. ನಂತರ 'ಸುಡೊ ಎಲ್‌ಡಿಕಾನ್ಫಿಗ್'. ಇದನ್ನು ಮರೆಯಬೇಡಿ, ಲೈಬ್ರರಿಗಳ ವಿಳಾಸದ ಪಟ್ಟಿಯನ್ನು ಹೊಸದಾಗಿ ಬರೆಯುವುದು ಇದೇ. ಕೊನೆಗೆ 'ಹ್ಯಾಶ್ -ಆರ್'. ಇಲ್ಲದಿದ್ದರೆ ಅದೇ ಟರ್ಮಿನಲ್ ಹಳೆಯ ವಿಳಾಸವನ್ನೇ ನೆನಪಿಟ್ಟುಕೊಂಡು 'ಅಂಥ ಫೈಲ್ ಇಲ್ಲ' ಎನ್ನುತ್ತದೆ. ಆಗ ಸುಮ್ನೆ ಇನ್ನೊಂದು ಗಾಬರಿ. 'ಟೈಪ್ -ಎ ಟೆಸರಾಕ್ಟ್' ಕೊಟ್ಟಾಗ /ಯುಎಸ್‌ಆರ್/ಲೋಕಲ್ ಎಂದು ಶುರುವಾಗುವ ಸಾಲು ಬರದಿದ್ದರೆ ಕೆಲಸ ಆಯಿತು. ಹಳೆಯ 4 ಆ ಕ್ಷಣದಿಂದಲೇ ಪಿಎನ್‌ಜಿ ಓದುತ್ತದೆ.

ಫೋಲ್ಡರ್ ಅಳಿಸಿಬಿಟ್ಟಿದ್ದೀರಾ? ಆಗ ಅದೇ ಆವೃತ್ತಿಯ ಸೋರ್ಸ್ ಮತ್ತೆ ಇಳಿಸಿ, ಅವತ್ತು ಕೊಟ್ಟ ಆಪ್ಷನ್‌ಗಳನ್ನೇ ಕೊಟ್ಟು ಕಾನ್ಫಿಗರ್ ಮಾಡಿ ಅನ್‌ಇನ್‌ಸ್ಟಾಲ್ ಕೊಡಿ. ಅನುಮಾನ ಇದ್ದರೆ ಮೊದಲು ಕಟ್ಟಿ, 'ಮೇಕ್ ಇನ್‌ಸ್ಟಾಲ್ ಡೆಸ್ಟ್‌ಡಿರ್=/ಟಿಎಂಪಿ/ನೋಡು' ಎಂದು ಕೊಡಿ. ಸಿಸ್ಟಂ ಮುಟ್ಟದೆ, ಯಾವ ಯಾವ ಫೈಲ್ ಎಲ್ಲೆಲ್ಲಿ ಹೋಗುತ್ತದೆ ಎಂದು ಆ ಫೋಲ್ಡರ್‌ನಲ್ಲಿ ಇಟ್ಟು ತೋರಿಸುತ್ತದೆ. ಅದನ್ನು ನೋಡಿಕೊಂಡು ಲೋಕಲ್‌ನಿಂದ ಒಂದೊಂದೇ ತೆಗೆಯಬಹುದು. ಇಡೀ /ಯುಎಸ್‌ಆರ್/ಲೋಕಲ್ ಅಳಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಪ್ರಿಂಟರ್ ಡ್ರೈವರ್‌ನಂಥ ಬೇರೆ ಸಾಮಾನೂ ಅಲ್ಲಿರಬಹುದು.

ಎರಡು ವಸ್ತು ಅನ್‌ಇನ್‌ಸ್ಟಾಲ್‌ಗೆ ಸಿಗುವುದಿಲ್ಲ. ಒಂದು, ನೀವು ಕೈಯಾರೆ ಕಾಪಿ ಮಾಡಿದ ಕನ್ನಡದ ಫೈಲ್. ಇನ್ನೊಂದು, ಯಾವುದಾದರೂ ಸೂಚನೆ ನೋಡಿ ನಿಮ್ಮ ಬ್ಯಾಶ್‌ಆರ್‌ಸಿ (ಟರ್ಮಿನಲ್ ಶುರುವಾದಾಗ ಓದಿಕೊಳ್ಳುವ) ಫೈಲ್‌ಗೆ 'ಟೆಸ್‌ಡೇಟಾ_ಪ್ರಿಫಿಕ್ಸ್' ಎಂಬ ಸಾಲು ಸೇರಿಸಿದ್ದರೆ, ಅದು. ಆ ಸಾಲು ಉಳಿದರೆ ನಾಳೆ ಸರಿಯಾದ ಟೆಸರಾಕ್ಟ್ ಬಂದರೂ ಕನ್ನಡವನ್ನು ಖಾಲಿ ಜಾಗದಲ್ಲೇ ಹುಡುಕುತ್ತದೆ.

ಸ್ವಚ್ಛವಾದ ಮೇಲೆ 5 ಹೇಗೆ ತರುವುದು? ನನ್ನನ್ನು ಕೇಳಿದರೆ, ಉಬುಂಟು 24.04ಕ್ಕೆ ಹೋಗಿ. ಅದರ ಆಪ್ಟ್‌ನಲ್ಲೇ ಟೆಸರಾಕ್ಟ್ 5.3.4 ಇದೆ, ಕನ್ನಡ ಪ್ಯಾಕೇಜೂ ಜೊತೆಗೇ ಇದೆ. ಸೌವೋಲಾ ಸಿಗುತ್ತದೆ. 22.04ರಿಂದ ನೇರವಾಗಿ ಹೋಗಬಹುದು. ಅಪಾಯ ಇಲ್ಲವೇ? ಇದೆ. ದೊಡ್ಡ ಅಪ್‌ಗ್ರೇಡ್ ನಡುವೆ ಕರೆಂಟ್ ಹೋದರೆ, ಡಿಸ್ಕ್ ತುಂಬಿದರೆ ಕಷ್ಟ. ಸ್ಕ್ಯಾನ್‌ಗಳನ್ನೆಲ್ಲ ಮೊದಲು ಬೇರೆ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ. ಹಳೆಯ ಲ್ಯಾಪ್‌ಟಾಪ್‌ನ ಬ್ಯಾಟರಿ ನಂಬಬೇಡಿ, ಚಾರ್ಜರ್ ಹಾಕಿಯೇ ಇಡಿ. ಇದಕ್ಕೂ ಮೊದಲು ಲೋಕಲ್ ಸ್ವಚ್ಛ ಮಾಡುವುದು ಕಡ್ಡಾಯ. 22.04ರಲ್ಲಿ ಲಿಬ್‌ಟಿಫ್ 5 ಇದ್ದದ್ದು 24.04ರಲ್ಲಿ ಲಿಬ್‌ಟಿಫ್ 6 ಆಗಿದೆ. ಇಂಥ ಲೈಬ್ರರಿಗಳ ಹೆಸರು ಬದಲಾದಾಗ ಹಳೆಯದನ್ನು ನೆಚ್ಚಿಕೊಂಡ ಸ್ವಂತ ಕಂಪೈಲ್‌ಗಳು ಮುರಿದು ಬೀಳುತ್ತವೆ.

22.04 ಬಿಡಲು ಮನಸ್ಸಿಲ್ಲದಿದ್ದರೆ ಪಿಪಿಎ ಇದೆ. ಅಂದರೆ ಬೇರೊಬ್ಬರು ಕಟ್ಟಿ ಇಟ್ಟ ಪ್ಯಾಕೇಜ್. ಆಪ್ಟ್ ಲೆಕ್ಕಕ್ಕೆ ಸೇರುತ್ತದೆ, ತೆಗೆಯುವುದೂ ಸುಲಭ. ಆದರೆ ಆ ವ್ಯಕ್ತಿಗೆ ನಿಮ್ಮ ಕಂಪ್ಯೂಟರ್‌ನ ರೂಟ್, ಅಂದರೆ ಪೂರ್ತಿ ಯಜಮಾನಿಕೆಯ ಅಧಿಕಾರವನ್ನೇ ಕೊಟ್ಟ ಹಾಗೆ. ಅವರು ಉತ್ಸಾಹ ಕಳೆದುಕೊಂಡರೆ ಅಪ್‌ಡೇಟ್ ನಿಲ್ಲುತ್ತದೆ. ಎಷ್ಟು ವರ್ಷದಿಂದ ನಡೆಸುತ್ತಿದ್ದಾರೆ, ಕೊನೆಯ ಅಪ್‌ಡೇಟ್ ಯಾವಾಗ ಎಂದು ನೋಡಿಯೇ ಸೇರಿಸಿ.

ಕಂಪೈಲ್ ಮಾಡುವ ಖುಷಿ ಬಿಡಲಾರೆ ಎಂದರೆ ಅದಕ್ಕೂ ಅಡ್ಡಿಯಿಲ್ಲ. ಕಲಿಯುವ ಆಸೆ ಒಳ್ಳೆಯದೇ. ಆದರೆ ಸುಡೊ ಇಲ್ಲದೆ ಮಾಡಿ. ಲೆಪ್ಟೋನಿಕಾ ಕಟ್ಟಬೇಡಿ, ಆಪ್ಟ್‌ನಿಂದ ಲಿಬ್‌ಲೆಪ್ಟೋನಿಕಾ-ಡೆವ್ ಹಾಕಿ. ಪಿಎನ್‌ಜಿ, ಟಿಫ್ ಎಲ್ಲ ಅದರಲ್ಲೇ ಸರಿಯಾಗಿ ಇರುತ್ತದೆ. ಸೋರ್ಸ್ ಪಟ್ಟಿ ಚಾಲೂ ಮಾಡಿಕೊಂಡು 'ಸುಡೊ ಆಪ್ಟ್ ಬಿಲ್ಡ್-ಡೆಪ್ ಟೆಸರಾಕ್ಟ್' ಕೊಟ್ಟರೆ ಉಬುಂಟುವಿನವರು ಟೆಸರಾಕ್ಟ್ ಕಟ್ಟಲು ಏನೇನು ಬಳಸಿದರೋ ಅದೆಲ್ಲ ಬಂದು ಕೂರುತ್ತದೆ. ಸುಡೊ ಬೇಕಾಗುವುದು ಇಂಥ ಆಪ್ಟ್ ಕೆಲಸಕ್ಕೆ ಮಾತ್ರ. ಕಾನ್ಫಿಗರ್‌ಗೆ '--ಪ್ರಿಫಿಕ್ಸ್=$ಹೋಮ್/ಟೆಸ್5' ಎಂದು ಕೊಡಿ. ಇನ್‌ಸ್ಟಾಲ್ ಹಂತವೂ ನಿಮ್ಮ ಹೆಸರಲ್ಲೇ ನಡೆಯುತ್ತದೆ. ಬೇಡವಾದ ದಿನ ಆ ಒಂದು ಫೋಲ್ಡರ್ ಅಳಿಸಿದರೆ ಮುಗಿಯಿತು. ಸಿಸ್ಟಂನ 4 ತನ್ನ ಪಾಡಿಗೆ ಇರುತ್ತದೆ. ರಾಮ್ 4 ಜಿಬಿ ಇದ್ದರೆ 'ಮೇಕ್ -ಜೆ2'ಗಿಂತ ಹೆಚ್ಚು ಕೊಡಬೇಡಿ, ಲ್ಯಾಪ್‌ಟಾಪ್ ಒದ್ದಾಡುತ್ತದೆ. ಚೆಕ್‌ಇನ್‌ಸ್ಟಾಲ್ ಎಂಬ ಸಾಧನವೂ ಒಂದಿದೆ, ಕಟ್ಟಿದ್ದನ್ನು ಡೆಬ್ ಪ್ಯಾಕೇಜ್ ಮಾಡಿ ಆಪ್ಟ್ ಲೆಕ್ಕಕ್ಕೆ ಸೇರಿಸುತ್ತದೆ. ಆದರೆ ನೀವಾಗಿ ಹೇಳದೆ ಡಿಪೆಂಡೆನ್ಸಿ (ಜೊತೆಗೆ ಬೇಕಾಗುವ ಬೇರೆ ಪ್ಯಾಕೇಜ್‌ಗಳು) ಅದಕ್ಕೆ ಗೊತ್ತಾಗುವುದಿಲ್ಲ. ನಿಮಗೆ ಅಗತ್ಯವಿಲ್ಲ.

ಸೋರ್ಸ್‌ನಿಂದ ಹಾಕಿದ್ದೇ ತಪ್ಪಾ ಎಂದು ಕೇಳಿದ್ದೀರಿ. ತಪ್ಪಲ್ಲ. ಕೆಲವು ಕಡೆ ಅದೇ ದಾರಿ. ಎಫ್‌ಎಫ್‌ಎಂಪೆಗ್ ಜೊತೆ ಎಫ್‌ಡಿಕೆ ಎಎಸಿ ಎಂಬ ಆಡಿಯೋ ಲೈಬ್ರರಿ ಸೇರಿಸಿ ಕಟ್ಟಿದರೆ ಅದನ್ನು ಹಂಚಲು ಲೈಸೆನ್ಸ್ ಒಪ್ಪುವುದಿಲ್ಲ. ಬೇಕಾದವರು ತಾವೇ ಕಟ್ಟಿಕೊಳ್ಳಬೇಕು. ಕೆಲವು ಯುಎಸ್‌ಬಿ ವೈಫೈ ಡಾಂಗಲ್‌ಗಳ ಡ್ರೈವರ್ ಸೋರ್ಸ್ ಆಗಿ ಮಾತ್ರ ಸಿಗುತ್ತದೆ. ಅಲ್ಲಿ, ಕರ್ನಲ್ (ಲಿನಕ್ಸ್‌ನ ತಿರುಳು) ಬದಲಾದಾಗ ಡ್ರೈವರನ್ನು ತಾನೇ ಮತ್ತೆ ಕಟ್ಟುವ ಡಿಕೆಎಂಎಸ್ ಮೂಲಕ ಹಾಕಿ, ಇಲ್ಲದಿದ್ದರೆ ಕರ್ನಲ್ ಅಪ್‌ಡೇಟ್ ಆದ ಮರುದಿನ ವೈಫೈ ಇರುವುದಿಲ್ಲ. ಕೈ ಹಾಕಲೇಬಾರದ್ದು ಗ್ಲಿಬ್‌ಸಿ, ಹೆಚ್ಚುಕಡಿಮೆ ಎಲ್ಲ ಪ್ರೋಗ್ರಾಂಗಳ ಬುಡದಲ್ಲಿರುವ ಲೈಬ್ರರಿ. ಸಿಸ್ಟಂನ ಪೈಥಾನ್ ಕೂಡ ಹೆಚ್ಚುಕಡಿಮೆ ಹಾಗೇ, ಉಬುಂಟುವಿನ ಎಷ್ಟೋ ಸಾಧನಗಳು ಅದರ ಮೇಲೇ ನಿಂತಿವೆ. ಹೊಸ ಪೈಥಾನ್ ಕಟ್ಟಲೇಬೇಕಾದರೆ 'ಮೇಕ್ ಆಲ್ಟ್‌ಇನ್‌ಸ್ಟಾಲ್', ಬರೀ ಇನ್‌ಸ್ಟಾಲ್ ಅಲ್ಲ. ಇದನ್ನು ಅಳಿಯಂದಿರಿಗೂ ಹೇಳಿ.

ಕನ್ನಡದಲ್ಲೇ ಕೇಳಿ ಕಲಿಯಬೇಕೆಂದರೆ ಪೊವಾಯಿಯ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಲಿನಕ್ಸ್ ಪಾಠಗಳು ಕನ್ನಡ ಧ್ವನಿಯಲ್ಲೂ ಇವೆ.

ಓಸಿಆರ್ ಶುರು ಮಾಡುವ ಮುನ್ನ ಸ್ಕ್ಯಾನ್ 300 ಡಿಪಿಐ ಇದೆಯಾ ನೋಡಿಕೊಳ್ಳಿ, ಪುಟ ವಾಲಿದ್ದರೆ ನೆಟ್ಟಗೆ ಮಾಡಿ. ಬಂದ ಪಠ್ಯದಲ್ಲಿ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಕೂತಿದೆಯಾ ಎಂದು ಹುಡುಕಿ ಬದಲಿಸಿ. ಕಣ್ಣಿಗೆ ಎರಡೂ ಒಂದೇ, ಆದರೆ ಆಮೇಲೆ 'ಸಂಘ' ಎಂದು ಹುಡುಕಿದರೆ ಒಂದೂ ಸಿಗುವುದಿಲ್ಲ. ನಮ್ಮ ಮುಂಬೈ ಕಡೆಯ ಸ್ಮರಣ ಸಂಚಿಕೆ ಎಂದ ಮೇಲೆ ಹಿಂದಿನ ಅರ್ಧ ಜಾಹೀರಾತೇ ಇರುತ್ತದೆ. ಮರಾಠಿ, ಇಂಗ್ಲಿಷ್, ನಡುವೆ ಒಂದು ಉಡುಪಿ ಹೋಟೆಲ್‌ನ ಕನ್ನಡ ಶುಭಾಶಯ. ಆ ಪುಟಗಳಿಗೆ ಟೆಸರಾಕ್ಟ್-ಓಸಿಆರ್-ಮಾರ್ ಪ್ಯಾಕೇಜೂ ಹಾಕಿಕೊಂಡು ಮೂರೂ ಭಾಷೆಯನ್ನು ಪ್ಲಸ್ ಚಿಹ್ನೆಯಿಂದ ಸೇರಿಸಿ ಕೊಡಿ. ಪುಟದಲ್ಲಿ ಯಾವುದು ಜಾಸ್ತಿ ಇದೆಯೋ ಅದು ಮೊದಲು. ಬರೀ ಕನ್ನಡ ಲೇಖನದ ಪುಟಗಳಿಗೆ ಹೀಗೆ ಮಾಡಬೇಡಿ. ನಿಧಾನವೂ ಆಗುತ್ತದೆ, ತಪ್ಪೂ ಹೆಚ್ಚುತ್ತದೆ.